ಅಕ್ರಮ ಬಯಲಿಗೆಳೆದವರ ರಕ್ಷಣೆ

2010ರ ಜನವರಿ 13ರ ಬೆಳಿಗ್ಗೆ ಪುಣೆಯ ಬಳಿಯ ತಳೆಗಾಂವ್ ದಾಭಾಡೆಯಲ್ಲಿ ವಾಯುವಿಹಾರಕ್ಕೆ ಹೊರಟಿದ್ದ ಸತೀಶ್ ಶೆಟ್ಟಿಯವರ ಹತ್ಯೆಯಾಯಿತು. ಆ ಭಾಗದ ಭೂವ್ಯವಹಾರಗಳ ಅಕ್ರಮವನ್ನು ಅವರು ಮಾಹಿತಿ ಹಕ್ಕಿನ ನೆರವಿನಿಂದ ಹೊರಗೆಡಹಿದ್ದರು. ಬೆದರಿಕೆ ಬಂದಾಗ ಪೊಲೀಸ್ ರಕ್ಷಣೆಯನ್ನೂ ಕೋರಿದ್ದರು.

ಇಂಥವರಿಗೆ ಹೆಸರು ಬಯಲಾಗುವುದೇ ಅಪಾಯ. ಹೆದ್ದಾರಿ ಕಾಮಗಾರಿಯ ಲೋಪಗಳ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆಯವರು ಬರೆದ ಪತ್ರ, ಗುಪ್ತವಾಗಿಡುವಂತೆ ಕೋರಿದ್ದರೂ, ಹೆಸರಿನೊಂದಿಗೇ ಕಚೇರಿಯಿಂದ ಕಚೇರಿಗೆ ಸಾಗಿತ್ತು. 2003ರ ನವೆಂಬರಿನಲ್ಲಿ ಅವರು ಗಯಾದಲ್ಲಿ ಕೊಲೆಯಾದರು. ಇದಾದ ಮೇಲೆ 2004ರ ಏಪ್ರಿಲ್ 21ರಂದು ಭಾರತ ಸರ್ಕಾರವು ನಿರ್ಣಯವೊಂದನ್ನು ಹೊರಡಿಸಿತು. ಅದರಂತೆ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಕಳುಹಿಸಬೇಕು. ಲಕೋಟೆಯ ಮೇಲೆ ಸಾರ್ವಜನಿಕ ಹಿತಾಸಕ್ತಿ ಪ್ರಕಟಣೆಯ ದೂರೆಂದು ನಮೂದಿಸಬೇಕು. ದೂರುದಾರರ ಹೆಸರು, ವಿಳಾಸ ಹೊರಗೆ ಕಾಣಬಾರದು, ಒಳಗಿನ ಪತ್ರದಲ್ಲಿರಬೇಕು. ಅನಾಮಧೇಯ ದೂರುಗಳನ್ನು ಆಯೋಗವು ಪರಿಗಣಿಸುವುದಿಲ್ಲ.

ಈ ವ್ಯವಸ್ಥೆ ಕೇಂದ್ರ ಸರ್ಕಾರದ ಕಚೇರಿಗಳಿಗೂ ಅದರ ಉದ್ದಿಮೆಗಳಿಗೂ ಮಾತ್ರ ಅನ್ವಯಿಸುತ್ತದೆ. ಭೂದಾಖಲೆ ರಾಜ್ಯದ ಕೈಯಲ್ಲಿರುವುದರಿಂದ, ತಳೆಗಾಂವಿನಂಥ ಪ್ರಕರಣಕ್ಕೆ ಈ ಲಕೋಟೆಯ ಆಸರೆಯೂ ಇರಲಿಲ್ಲ.

ಅಮೆರಿಕದಲ್ಲಿ 1863ರ ಕಾಯಿದೆಯ ಮೇರೆಗೆ, ಸರ್ಕಾರಕ್ಕೆ ಮೋಸವಾದಾಗ ಖಾಸಗಿ ವ್ಯಕ್ತಿಯೇ ಸರ್ಕಾರದ ಪರವಾಗಿ ದಾವೆ ಹೂಡಬಹುದು. ದಾವೆಯನ್ನು ಮೊದಮೊದಲು ಗುಪ್ತವಾಗಿಡಲಾಗುತ್ತದೆ. ಗೆದ್ದರೆ ವಸೂಲಾದ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 30ರಷ್ಟು ಪಾಲು ಅವರಿಗೆ ಸಲ್ಲುತ್ತದೆ. ಭಾರತದಲ್ಲಿ ಅಂಥ ದಾವೆಗೆ ಅವಕಾಶವಿಲ್ಲ. ರಾಜ್ಯ ಸರ್ಕಾರದ ನೌಕರರ ಮೇಲಿನ ದೂರುಗಳನ್ನೂ ಒಳಗೊಂಡ ಮಾಹಿತಿದಾರರ ರಕ್ಷಣಾ ಅಧಿನಿಯಮಕ್ಕೆ 2014ರ ಮೇ 9ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹತ್ತು ವರ್ಷ ಕಳೆದರೂ ಅದು ಜಾರಿಗೆ ಬರಲಿಲ್ಲ.