ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಒಂದು ಯಂತ್ರವು ಹಳತಾಯಿತೆಂದು ಹೇಳುವುದು ಸುಲಭ. ಅದರ ಯಾವ ಅಂಗವು ಹಳತಾಯಿತೆಂದು ಹೇಳುವುದು ಕಷ್ಟ. ಹತ್ತು ಹನ್ನೆರಡು ವರ್ಷ ದುಡಿದ ಮೇಜಿನ ಗಣಕಯಂತ್ರವು ಗುಂಡಿಯೊತ್ತಿದ ಮೇಲೆ ಐದಾರು ನಿಮಿಷ ಕಾಯಿಸತೊಡಗಿದರೆ, ಅದರ ಆಯುಷ್ಯ ಮುಗಿಯಿತೆಂದು ಮೂಲೆಗೆ ಸರಿಸುವವರೇ ಹೆಚ್ಚು. ಹೆಂಚು ಸೋರಿತೆಂದು ಗೋಡೆಯನ್ನು ಕೆಡಹುವವರುಂಟೆ? ಸೋರುವ ಹೆಂಚನ್ನು ಹುಡುಕಿ ಬದಲಿಸುವುದೇ ವಿವೇಕ. ಗಣಕಯಂತ್ರದಲ್ಲಿ ಹಾಗೆ ಸುಲಭವಾಗಿ ಬದಲಿಸಬಹುದಾದ ಅಂಗಗಳು ಮುಖ್ಯವಾಗಿ ಎರಡು: ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ ಮತ್ತು ಹಾರ್ಡ್ ಡಿಸ್ಕ್ ಎಂಬ ಸ್ಥಿರ ಸಂಗ್ರಹ. ಇವುಗಳ ಸ್ವರೂಪ, ದೋಷನಿದಾನ, ಬದಲಿಸುವ ಕ್ರಮ ಮತ್ತು ಆ ಕ್ರಮದ ಮಿತಿ, ಈ ನಾಲ್ಕನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಸ್ವರೂಪ

ಓದುವವನ ಮುಂದೆ ಒಂದು ವ್ಯಾಸಪೀಠವಿದೆ, ಪಕ್ಕದ ಕೋಣೆಯಲ್ಲಿ ಪುಸ್ತಕದ ಕಪಾಟಿದೆ ಎಂದು ಭಾವಿಸಿರಿ. ಈಗ ಬೇಕಾದ ಗ್ರಂಥವು ಪೀಠದ ಮೇಲೆ, ಉಳಿದವೆಲ್ಲ ಕಪಾಟಿನಲ್ಲಿ. ರ‍್ಯಾಮ್ ಎಂಬುದು ಆ ಪೀಠ. ವಿದ್ಯುತ್ತು ಹೋದೊಡನೆ ಅದರ ಮೇಲಿದ್ದುದೆಲ್ಲ ಅಳಿಯುತ್ತದೆ. ಡಿಸ್ಕ್ ಎಂಬುದು ಕಪಾಟು. ವಿದ್ಯುತ್ತು ಹೋದರೂ ಅದರೊಳಗಿನದು ಉಳಿಯುತ್ತದೆ. ಪೀಠವು ಕಿರಿದಾದರೆ ಒಂದನ್ನಿಟ್ಟು ಇನ್ನೊಂದನ್ನು ತರಲು ಓದುವವನು ಪದೇ ಪದೇ ಏಳಬೇಕು. ರ‍್ಯಾಮ್ ಸಾಲದಾದಾಗ ಗಣಕಯಂತ್ರವೂ ಹಾಗೆಯೇ ಮಾಡುತ್ತದೆ. ಕೈಯಲ್ಲಿರುವುದರ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ.

ಈ ಓಡಾಟದಲ್ಲಿ ಹೊತ್ತು ಕಳೆಯುವುದೆಲ್ಲಿ? ತಿರುಗುವ ತಟ್ಟೆಯ ಮೇಲೆ ಕಾಂತಶಕ್ತಿಯಿಂದ ಬರೆದಿಡುವ ಡಿಸ್ಕನ್ನು ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಬಳಕೆಗೆ ತಂದಿತು. ಇಂದಿನ ಮೇಜಿನ ಯಂತ್ರಗಳ ಡಿಸ್ಕಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಅಕ್ಷರವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸುಮಾರು 4 ಮಿಲಿಸೆಕೆಂಡು. ಮುಳ್ಳು ಆ ವಲಯಕ್ಕೆ ಸರಿಯಲು ಇನ್ನೂ 8–9 ಮಿಲಿಸೆಕೆಂಡು. ಹೀಗಾಗಿ ಚದುರಿದ ಕಡತಗಳನ್ನು ಓದುವಾಗ ಅದು ಸೆಕೆಂಡಿಗೆ ಎಂಬತ್ತು ನೂರು ಸ್ಥಳಗಳನ್ನಷ್ಟೇ ಮುಟ್ಟಬಲ್ಲುದು. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಸಂಗ್ರಹದಲ್ಲಿ ತಿರುಗುವ ತಟ್ಟೆಯೇ ಇಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಾಸುವೊಕಾ ಅವರು ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಆಧಾರ. ಅದರಲ್ಲಿ ಒಂದು ಸ್ಥಳವನ್ನು ಮುಟ್ಟಲು ಸುಮಾರು 0.1 ಮಿಲಿಸೆಕೆಂಡು ಸಾಕು.

ನಿದಾನ

ಔಷಧಕ್ಕೆ ಮೊದಲು ನಿದಾನ ಬೇಕು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿತ್ಯದ ಕೆಲಸ ನಡೆದಿರುವಾಗಲೇ ಅದನ್ನು ನೋಡಬೇಕು. ಮೆಮೊರಿಯ ಅಂಕಿ ನೂರರ ಸಮೀಪದಲ್ಲಿಯೇ ನಿಂತಿದ್ದರೆ ಕೊರತೆಯಿರುವುದು ರ‍್ಯಾಮಿನದು. ಮೆಮೊರಿ ಸಾಕಷ್ಟಿದ್ದೂ ಡಿಸ್ಕಿನ ಅಂಕಿ ನೂರರಲ್ಲಿ ನಿಂತಿದ್ದರೆ ದೋಷವು ಡಿಸ್ಕಿನದು. ಎರಡೂ ಕಡಮೆಯಿದ್ದು ಸಿ.ಪಿ.ಯು. ಅಂಕಿಯೇ ನೂರನ್ನು ಮುಟ್ಟಿದ್ದರೆ, ಈ ಎರಡು ಅಂಗಗಳಿಗಾಗಿ ಹಣ ವೆಚ್ಚ ಮಾಡಿ ಪ್ರಯೋಜನವಿಲ್ಲ.

ದೃಷ್ಟಾಂತಕ್ಕಾಗಿ, 2012–13ರ ಸುಮಾರಿಗೆ ಮಾರಾಟವಾದ ಒಂದು ಬಗೆಯ ಯಂತ್ರವನ್ನು ತೆಗೆದುಕೊಳ್ಳೋಣ: ಇಂಟೆಲ್ ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಕೋರ್ ಐ3–3220 ಪ್ರೊಸೆಸರು, 4 ಜಿ.ಬಿ. ರ‍್ಯಾಮ್, 500 ಜಿ.ಬಿ. ಹಾರ್ಡ್ ಡಿಸ್ಕ್. ಬರೆಹ, ಲೆಕ್ಕಪತ್ರ, ಪಾಠದ ಚಿತ್ರ ನೋಡುವುದು ಇವುಗಳಿಗೆ ಈ ಪ್ರೊಸೆಸರು ಇಂದಿಗೂ ಸಾಕು. ಆದರೆ ಆ 4 ಜಿ.ಬಿ.ಯಲ್ಲಿ ಪರದೆಯ ಚಿತ್ರಕ್ಕೂ ಪಾಲು ಹೋಗುವುದರಿಂದ, ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದೊಡನೆ ಯಂತ್ರವು ಕಪಾಟಿನತ್ತ ಓಡತೊಡಗುತ್ತದೆ.

ಕ್ರಮ

ರ‍್ಯಾಮಿನಲ್ಲಿ ಪೀಳಿಗೆಗಳಿವೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂಡುವುದಿಲ್ಲ. ಡಿ.ಡಿ.ಆರ್.3ಕ್ಕೆ 240 ಪಿನ್ನುಗಳು, ಡಿ.ಡಿ.ಆರ್.4ಕ್ಕೆ 288, ನಡುವಿನ ಕಚ್ಚಿನ ಸ್ಥಾನವೂ ಬೇರೆ. ನಮ್ಮ ದೃಷ್ಟಾಂತದ ಯಂತ್ರಕ್ಕೆ ಡಿ.ಡಿ.ಆರ್.3 ಬೇಕು. ಸಾಮಾನ್ಯವಾಗಿ ಎರಡು ಸ್ಲಾಟುಗಳಿದ್ದು, ಒಟ್ಟು 16 ಜಿ.ಬಿ. ಅದರ ಮಿತಿ, ನಿತ್ಯದ ಕೆಲಸಕ್ಕೆ 8 ಜಿ.ಬಿ. ಸಾಕು. ಸಮಾನ ಅಳತೆಯ ಎರಡು ಪಟ್ಟಿಗಳನ್ನು ಹಾಕಿದರೆ ಪ್ರೊಸೆಸರು ಎರಡು ದಾರಿಗಳಿಂದಲೂ ಏಕಕಾಲದಲ್ಲಿ ಓದಬಲ್ಲುದು. ವಿಂಡೋಸ್ 32 ಬಿಟ್ಟಿನದಾಗಿದ್ದರೆ 4 ಜಿ.ಬಿ.ಗೆ ಮೀರಿದ ರ‍್ಯಾಮ್ ನಿರರ್ಥಕ. 64 ಬಿಟ್ಟಿನದನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ.

ಪೆಟ್ಟಿಗೆಯನ್ನು ತೆರೆಯುವ ಮುನ್ನ ವಿದ್ಯುತ್ ತಂತಿಯನ್ನು ಕಿತ್ತು, ಆರಂಭದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪಟ್ಟಿಯ ಅಂಚನ್ನಷ್ಟೇ ಹಿಡಿದು, ಕಚ್ಚನ್ನು ಹೊಂದಿಸಿ, ಕೊಂಡಿ ತಾನೇ ಕಚ್ಚಿಕೊಳ್ಳುವವರೆಗೆ ಒಂದೇ ಸಮನೆ ಒತ್ತಬೇಕು. ಕಚ್ಚು ಹೊಂದದಿದ್ದರೆ ಬಲಪ್ರಯೋಗ ಕೂಡದು, ಪೀಳಿಗೆಯೇ ಬೇರೆಯಿರಬೇಕು.

ಇನ್ನು ಡಿಸ್ಕಿನ ವಿಚಾರ. ಇಲ್ಲಿ ಒಂದು ಸಂದೇಹ ಬರಬಹುದು. ಎಚ್61 ಬೋರ್ಡಿನ ಸಾಟಾ ಸಂಪರ್ಕವು ಸೆಕೆಂಡಿಗೆ 3 ಗಿಗಾಬಿಟ್ಟಿನದು. ಈಗಿನ ಸಾಟಾ ಎಸ್.ಎಸ್.ಡಿ.ಗಳೋ 6 ಗಿಗಾಬಿಟ್ಟಿನವು. ಅರ್ಧ ವೇಗವೇ ವ್ಯರ್ಥವಲ್ಲವೆ? ಅಲ್ಲ. ಯಂತ್ರವು ತಡೆಯುತ್ತಿದ್ದುದು ದಾರಿ ಕಿರಿದಾದುದರಿಂದಲ್ಲ, ಪ್ರತಿಯೊಂದು ಸ್ಥಳವನ್ನೂ ತಡಕುವ ವಿಳಂಬದಿಂದ. ಆ ವಿಳಂಬ ನೂರರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಲಾಭವು ಹಳೆಯ ದಾರಿಯಲ್ಲಿಯೂ ದೊರೆಯುತ್ತದೆ. ಆ ಕಾಲದ ಬೋರ್ಡುಗಳಿಗೆ 2.5 ಅಂಗುಲದ ಸಾಟಾ ಎಸ್.ಎಸ್.ಡಿ.ಯನ್ನೇ ಕೊಳ್ಳಬೇಕು, 3.5 ಅಂಗುಲದ ಗೂಡಿನಲ್ಲಿ ಅದನ್ನು ಕೂರಿಸಲು ಚಿಕ್ಕದೊಂದು ಚೌಕಟ್ಟು ಸಿಗುತ್ತದೆ.

ಆದರೆ ಡಿಸ್ಕನ್ನು ಮುಟ್ಟುವ ಮುನ್ನ ಅದರೊಳಗಿನದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡಲೇಬೇಕು. ಓಲೆಗರಿ ಜೀರ್ಣವಾದಾಗ ಹಿಂದಿನವರು ಮೊದಲು ಪ್ರತಿ ಮಾಡಿದರು, ಮೂಲದೊಡನೆ ತಿದ್ದಿ ನೋಡಿದರು. ಹಳೆಯ ಕಟ್ಟನ್ನು ಬಿಟ್ಟುದು ಆಮೇಲೆ. ಹಾಗೆ ಮಾಡದ ಕಡೆ ಗ್ರಂಥಗಳೇ ನಷ್ಟವಾದವು. ಇಲ್ಲಿಯೂ ಅದೇ ಧರ್ಮ. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಅದರಲ್ಲಿದ್ದ ಬರೆಹ ಹೋದರೆ ಎಲ್ಲಿಂದ ತರುವುದು?

ಕನ್ನಡಿಗರು ಇನ್ನೊಂದು ಮಾತನ್ನು ನೆನಪಿಡಬೇಕು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿದ ಕಡತಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಕಡತಗಳೊಡನೆ ಅಕ್ಷರಶೈಲಿಗಳನ್ನೂ ಪ್ರತಿಮಾಡಿಕೊಳ್ಳಬೇಕು. ಸಾಧ್ಯವಾದರೆ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸಿ ಇನ್ನೊಂದು ಪ್ರತಿಯನ್ನಿಡಬೇಕು.

ಅನಂತರ ಎರಡು ಮಾರ್ಗಗಳಿವೆ. ಕ್ಲೋನೆಜಿಲ್ಲಾದಂತಹ ಉಚಿತ ತಂತ್ರಾಂಶದಿಂದ ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ಇಳಿಸುವುದು ಒಂದು. ಹೊಸದಾಗಿ ಸ್ಥಾಪಿಸಿ ಕಡತಗಳನ್ನಷ್ಟೇ ತರುವುದು ಮತ್ತೊಂದು. ಮೊದಲನೆಯದರಲ್ಲಿ ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಎರಡು ಬಾರಿ ನೋಡಬೇಕು. ತಿರುವುಮುರುವಾದರೆ ಖಾಲಿ ಡಿಸ್ಕಿನ ಪ್ರತಿಯು ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಕೊನೆಗೆ ಬಯಾಸಿನಲ್ಲಿ ಹೊಸ ಡಿಸ್ಕಿನಿಂದ ಆರಂಭವಾಗುವಂತೆ ಕ್ರಮವನ್ನು ಬದಲಿಸಬೇಕು.

ಮಿತಿ

ಈ ಚಿಕಿತ್ಸೆಯಿಂದ ಎಲ್ಲವೂ ಗುಣವಾಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಮತ್ತು ಅಂಗೀಕೃತ ಪಟ್ಟಿಯಲ್ಲಿರುವ ಪ್ರೊಸೆಸರು ಬೇಕು. ಐ3–3220 ಆ ಪಟ್ಟಿಯಲ್ಲಿಲ್ಲ. ಎಷ್ಟು ರ‍್ಯಾಮ್ ಹಾಕಿದರೂ ಈ ಕೊರತೆ ನೀಗದು. ಇಂತಹ ಯಂತ್ರಕ್ಕೆ ಲಿನಕ್ಸ್ ಯೋಗ್ಯವಾದ ದಾರಿ. ಅದರಲ್ಲಿ ಕನ್ನಡವನ್ನು ಯೂನಿಕೋಡಿನಲ್ಲಿ ಸರಾಗವಾಗಿ ಬರೆಯಬಹುದು.

ಎಸ್.ಎಸ್.ಡಿ.ಯೂ ಅಜರಾಮರವಲ್ಲ, ಅದರಲ್ಲಿ ಬರೆಯಬಹುದಾದ ಪ್ರಮಾಣಕ್ಕೆ ಮಿತಿಯುಂಟು, ಮುನ್ಸೂಚನೆಯಿಲ್ಲದೆಯೂ ಅದು ಕೆಡಬಹುದು. ಆದುದರಿಂದ ತೆಗೆದಿಟ್ಟ ಹಳೆಯ ಡಿಸ್ಕನ್ನು ಕೂಡಲೆ ಅಳಿಸಬಾರದು. ಕೆಲವು ತಿಂಗಳು ಹೊಸದು ಸರಿಯಾಗಿ ನಡೆದ ಮೇಲೆ, ಹಳೆಯದು ಆರೋಗ್ಯವಾಗಿದ್ದರೆ ಅದೇ ಪ್ರತಿಯನ್ನಿಡುವ ಕಪಾಟಾಗಬಹುದು. ಅದೂ ಕೆಟ್ಟಿದ್ದರೆ ಕಸದ ತೊಟ್ಟಿಗೆ ಎಸೆಯದೆ, ಅಧಿಕೃತ ಇ–ತ್ಯಾಜ್ಯ ಸಂಗ್ರಹಕರಿಗೆ ಒಪ್ಪಿಸಬೇಕು.

ಮೊದಲು ನಿದಾನ, ಆಮೇಲೆ ವೆಚ್ಚ. ಮೊದಲು ಪ್ರತಿ, ಆಮೇಲೆ ಚಿಕಿತ್ಸೆ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟು ನಡೆದರೆ, ಮೂಲೆ ಸೇರಬೇಕಿದ್ದ ಯಂತ್ರವು ಇನ್ನೂ ಕೆಲವು ವರ್ಷ ವಿದ್ಯಾರ್ಥಿಗಳ ಕೈಗೆ ಒದಗುವುದು. ಅದರೊಳಗಿನ ಬರೆಹವೂ ಸುರಕ್ಷಿತವಾಗಿ ಉಳಿಯುವುದು.