ಮಗುವಿನ ಕತ್ತು ಒಂದೇ ಕಡೆ ವಾಲಿದರೆ ಎಣ್ಣೆ ತಿಕ್ಕಿದರೆ ಸಾಕಾ?

ಇವತ್ತಿನ ವಿಷಯ ಬಾಣಂತನ ನಡೀತಿರೋ ಮನೆಗಳದ್ದು. ಊರಿಂದ ಅಮ್ಮ ಬಂದಿದ್ದಾರೆ, ದಿನಾ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕ್ತಿದ್ದಾರೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅವರ ಕೈಗೆ ಮಗುವಿನ ಕತ್ತಿನ ಪಕ್ಕ ಒಂದು ಗಟ್ಟಿ ಗಂಟು ಸಿಗುತ್ತೆ. ಮಗು ಯಾವಾಗಲೂ ಒಂದೇ ಕಡೆ ಮುಖ ಮಾಡುತ್ತೆ. "ತಿಕ್ಕಿದ್ರೆ ಹೋಗುತ್ತೆ ಬಿಡೇ" ಅಂತ ಅಮ್ಮ. "ಮುಟ್ಟಬೇಡಮ್ಮ, ಡಾಕ್ಟರ್ ನೋಡ್ಲಿ" ಅಂತ ಮಗಳು.

ಇದಕ್ಕೆ ವೈದ್ಯರು ಕೊಡುವ ಹೆಸರು ಟಾರ್ಟಿಕಾಲಿಸ್. ಲ್ಯಾಟಿನ್‌ನಲ್ಲಿ ತಿರುಚಿದ ಕತ್ತು ಅಂತಲೇ ಅರ್ಥ. ಯಾವ ಸ್ನಾಯು ಅಂತ ತಿಳೀಬೇಕಾದ್ರೆ ನಿಮ್ಮ ಮುಖವನ್ನ ಪೂರ್ತಿ ಎಡಕ್ಕೆ ತಿರುಗಿಸಿ, ಕತ್ತಿನ ಬಲಭಾಗ ಮುಟ್ಟಿ ನೋಡಿ. ಕಿವಿಯ ಹಿಂದಿನ ಮೂಳೆಯಿಂದ ಎದೆಮೂಳೆ ಮತ್ತು ಕೊರಳೆಲುಬಿನವರೆಗೆ ಹಗ್ಗದ ಹಾಗೆ ಎದ್ದು ನಿಲ್ಲುತ್ತಲ್ಲ, ಅದೇ. (ಕಾರ್ ಓಡಿಸ್ತಾ ಕೇಳ್ತಿರೋರು ಆಮೇಲೆ ಮಾಡಿ!) ಬಲಗಡೆಯ ಸ್ನಾಯು ಗಿಡ್ಡವಾದರೆ ತಲೆ ಬಲ ಭುಜದ ಕಡೆ ವಾಲುತ್ತೆ, ಗದ್ದ ಮಾತ್ರ ಎಡಕ್ಕೆ ತಿರುಗುತ್ತೆ. ಈ ಜೋಡಿ ಭಂಗಿಯೇ ಇದರ ಗುರುತು.

ಗರ್ಭದಲ್ಲಿ ಜಾಗ ಇಕ್ಕಟ್ಟಾಗಿ ಕತ್ತು ಒಂದೇ ಭಂಗಿಯಲ್ಲಿ ಉಳಿದಿರಬಹುದು, ಹೆರಿಗೆ ಕಷ್ಟವಾಗಿರಬಹುದು. ಎತ್ತಿಕೊಂಡವರ ತಪ್ಪಲ್ಲ ಅಂತ ಅಜ್ಜಿಯರಿಗೆ ಮೊದಲು ಹೇಳಿಬಿಡಿ. ಆ ಗಂಟು ಸ್ನಾಯುವಿನೊಳಗೆ ಬೆಳೆದ ನಾರಿನಂಥ ಅಂಗಾಂಶ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಕರಗುತ್ತೆ. ಅದನ್ನ ಒತ್ತಿ ಒತ್ತಿ ತಿಕ್ಕಬೇಕಾಗಿಲ್ಲ.

ಹಾಗಾದ್ರೆ ಮಸಾಜ್ ಎಲ್ಲಿ ಬರುತ್ತೆ? ಅಮೆರಿಕದ ಫಿಸಿಕಲ್ ಥೆರಪಿ ಸಂಘದ ಮಕ್ಕಳ ವಿಭಾಗ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಮೊದಲ ಸಾಲಿನಲ್ಲಿ ಇಡೋದು ನಿಧಾನವಾಗಿ ಕತ್ತು ಹಿಗ್ಗಿಸುವುದು, ಮಗು ತಾನಾಗಿ ತಿರುಗುವಂತೆ ಮಾಡುವುದು, ಎರಡೂ ಬದಿ ಸಮನಾಗಿ ಬಳಸುವ ಅಭ್ಯಾಸ, ಸುತ್ತಲಿನ ವ್ಯವಸ್ಥೆ ಬದಲಿಸುವುದು, ತಂದೆತಾಯಿಗೆ ಕಲಿಸುವುದು. ಮಸಾಜ್ ಇವುಗಳ ಜೊತೆಗೆ ಬೇಕಾದರೆ ಸೇರಿಸಿಕೊಳ್ಳುವ ಉಪಚಾರ. ಹಗುರವಾಗಿ ಎಣ್ಣೆ ಸವರಿದರೆ ಮಗು ಸಡಿಲವಾಗುತ್ತೆ, ಆಮೇಲೆ ಕತ್ತು ಹಿಗ್ಗಿಸೋದು ಸುಲಭ. ನನ್ನ ಪ್ರಕಾರ ಅಜ್ಜಿಯ ಕೈಗೆ ಇಲ್ಲಿ ಒಳ್ಳೆ ಕೆಲಸ ಇದೆ. ಆದರೆ ಹಿಗ್ಗಿಸುವ ರೀತಿಯನ್ನ ಥೆರಪಿಸ್ಟ್ ಎದುರಿಗೆ ಕೂತು ಕಲಿತೇ ಮಾಡಬೇಕು. ಮಗು ಅತ್ತು ಬಿಗಿಹಿಡಿದರೆ ಬಿಟ್ಟುಬಿಡಬೇಕು.

ಊರಲ್ಲಿ ಕಟಿಂಗ್ ಆದ ಮೇಲೆ ಕತ್ತು ತಿರುವಿ ನೆಟಿಕೆ ತೆಗೀತಾರಲ್ಲ, ಅದು ದೊಡ್ಡವರಿಗೇ ಅಪಾಯ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ರಂಧ್ರಗಳ ಮೂಲಕವೇ ಹೋಗುತ್ತವೆ. ಝಟಕಾದಿಂದ ನಾಳ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಕೂಸಿನ ಕತ್ತಿಗಂತೂ ಅದು ಬೇಡವೇ ಬೇಡ.

ಇದರಲ್ಲಿ ದೊಡ್ಡ ವ್ಯತ್ಯಾಸ ತರೋದು ಸಮಯ. ಒಂದು ತಿಂಗಳೊಳಗೆ ಶುರುಮಾಡಿದರೆ ಬಹುಪಾಲು ಮಕ್ಕಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಪೂರ್ತಿ ತಿರುಗುತ್ತೆ ಅಂತ ಅದೇ ಮಾರ್ಗಸೂಚಿ ಹೇಳುತ್ತೆ. ಆರು ತಿಂಗಳು ಕಾದರೆ ಚಿಕಿತ್ಸೆಗೆ ಒಂಬತ್ತು ಹತ್ತು ತಿಂಗಳೇ ಬೇಕಾಗಬಹುದು, ಕೆಲವರಿಗೆ ಶಸ್ತ್ರಚಿಕಿತ್ಸೆಯೂ. ಅಷ್ಟರಲ್ಲಿ ಒಂದೇ ಕಡೆ ಮಲಗಿ ತಲೆಬುರುಡೆ ಚಪ್ಪಟೆ ಆಗಿರುತ್ತೆ. ಹಾಗಂತ ಮಗುವನ್ನ ಬೋರಲು ಮಲಗಿಸಿ ನಿದ್ದೆ ಮಾಡಿಸಬೇಡಿ. ಅಂಗಾತ ಮಲಗಿಸಿ ಅನ್ನುವ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಶುರುವಾದ ಮೇಲೆ ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯೋದು ಬಹಳ ಕಡಿಮೆಯಾಯಿತು. ಬೋರಲು ಹಾಕೋದು ಎಚ್ಚರ ಇದ್ದಾಗ, ಎದುರಿಗೆ ನೀವಿದ್ದಾಗ.

ಎಲ್ಲಾ ವಾಲಿದ ಕತ್ತೂ ಸ್ನಾಯುವಿನದಲ್ಲ. ಕಣ್ಣಿನ ದೋಷ, ಕತ್ತಿನ ಮೂಳೆಯ ದೋಷ, ಅಪರೂಪಕ್ಕೆ ಮಿದುಳಿನ ಗಡ್ಡೆಯೂ ಕಾರಣ ಆಗಬಹುದು. ಅದಕ್ಕೇ ಮೊದಲು ಡಾಕ್ಟರ್. ನೆಟ್ಟಗಿದ್ದ ಕತ್ತು ಇದ್ದಕ್ಕಿದ್ದ ಹಾಗೆ ತಿರುಚಿಕೊಂಡರೆ, ಜೊತೆಗೆ ಜ್ವರ, ವಾಂತಿ ಅಥವಾ ಮಂಪರು ಇದ್ದರೆ ಅವತ್ತೇ ಹೋಗಿ.

ಇವತ್ತೇ ಮಾಡಬಹುದಾದ್ದು ಒಂದಿದೆ. ಕ್ರಿಬ್‌ನಲ್ಲಿ ಮಗುವಿನ ತಲೆ ಇರುವ ತುದಿಯನ್ನ ಬದಲಿಸಿ. ಬಾಗಿಲು, ಬೆಳಕು, ಅಜ್ಜಿಯ ದನಿ ಮಗು ತಿರುಗದೇ ಇರುವ ಕಡೆಯಿಂದ ಬರಲಿ. ಕಾರ್ ಸೀಟಿನಲ್ಲಿ ಪ್ರಯಾಣದ ಹೊತ್ತು ಮಾತ್ರ ಇರಲಿ, ಮನೆಗೆ ಬಂದ ಮೇಲೂ ಅದರಲ್ಲೇ ಮಲಗಿಸಬೇಡಿ.