ಒಟ್ಟಾಗಿ ಇಳಿಯಿರಿ, ದಾರಿ ಬಿಟ್ಟು ಇಳಿಯಿರಿ

ಸಿಂಧನೂರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯಲ್ಲೇ ಮಸ್ಕಿ ಸಿಗುತ್ತದೆ, ಲಿಂಗಸುಗೂರು ಸಿಗುತ್ತದೆ. ಮುಂದೆ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಸುರಪುರ, ಶಹಾಪುರ, ಜೇವರ್ಗಿಗಳನ್ನು ಹಾದರೆ ಕಲಬುರಗಿ. ಆದ್ದರಿಂದ ಝಿಲ್‌ಕಅದ್ ತಿಂಗಳಲ್ಲಿ ಹಝ್ರತ್ ಖ್ವಾಜಾ ಬಂದೇ ನವಾಝ್(ರ)ರವರ ಉರುಸಿಗೆಂದು ಹೊರಟ ಕ್ರೂಸರ್ ಗಾಡಿ ಸಿಂಧನೂರಿನಲ್ಲಿ ಅರ್ಧ ತುಂಬಿದರೆ, ಮಸ್ಕಿಯಲ್ಲಿ ಬೀಗರೂ ಲಿಂಗಸುಗೂರಿನಲ್ಲಿ ತವರಿನವರೂ ಏರಿ ಪೂರ್ತಿ ತುಂಬುವುದು ನಮ್ಮ ಕಡೆಯ ಪದ್ಧತಿ. ಮುಹರ್ರಮ್ ಬಂತೆಂದರೆ ಇದೇ ಜನ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕಡೆಗೆ ಹೊರಡುತ್ತಾರೆ. ಅಲ್ಲಿ ಹುಸೇನಿ ಆಲಂ ಕಾಣಲು ಮುಸ್ಲಿಮರಷ್ಟೇ ಅಲ್ಲ, ಹರಕೆ ಹೊತ್ತ ಹಿಂದೂ ಬಾಂಧವರೂ ಬುತ್ತಿ ಕಟ್ಟಿಕೊಂಡು ಬಂದಿಳಿಯುತ್ತಾರೆ. ಕೋಟೆಯ ಊರು ಚಿಕ್ಕದು, ಬರುವ ಜನ ಬಹಳ.

ಇಂಥ ಕಡೆಗಳಿಗೆ ಹೋಗುವುದು ಸರಿಯೇ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಉಲಮಾಗಳು ಅದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅಲಾಯಿಯ ಆಚರಣೆಗಳ ಕುರಿತಂತೂ ಬಹಳ ಕಟುವಾಗಿಯೇ ಬರೆದಿದ್ದಾರೆ. ಈ ಪಾಠ ಅದರ ಕುರಿತಲ್ಲ. ಹೋದವರು ಎಲ್ಲಿ ಗಾಡಿ ನಿಲ್ಲಿಸುತ್ತಾರೆ, ಎಲ್ಲಿ ತಾಡಪತ್ರಿ ಹಾಸುತ್ತಾರೆ, ಎಲ್ಲಿ ಒಲೆ ಹೂಡುತ್ತಾರೆ ಎಂಬುದರ ಕುರಿತು. ಇಜ್ತಿಮಾಕ್ಕೆ ಹೋಗುವವರಿಗೂ ಮದುವೆಯ ದಿಬ್ಬಣಕ್ಕೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಉರುಸನ್ನು ಒಪ್ಪದವನ ಹೊಲದಲ್ಲಿ ಉರುಸಿಗೆ ಹೋದವನ ಟ್ರ್ಯಾಕ್ಟರ್ ನಿಂತಾಗ, ಅವರಿಬ್ಬರ ನಡುವೆ ಇರುವುದು ಅಖೀದದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.

ಹದೀಸ್ ಗ್ರಂಥಗಳಲ್ಲಿ ಇಮಾಮ್ ಅಬೂದಾವೂದ್(ರ)ರವರ 'ಸುನನ್' ಪ್ರಸಿದ್ಧವಾದುದು. ಅದರ ಜಿಹಾದ್‌ನ ಅಧ್ಯಾಯದಲ್ಲಿ ಒಂದರ ಬೆನ್ನಿಗೆ ಒಂದರಂತೆ ಎರಡು ಹದೀಸ್‌ಗಳಿವೆ. ಮದ್ರಸಾದಲ್ಲಿ ಓದುವಾಗ ಇವೆರಡನ್ನೂ ಬೇಗ ದಾಟಿಹೋಗುತ್ತೇವೆ. ಆದರೆ ಜಾತ್ರೆಯ ಬಯಲಿನಲ್ಲಿ ನಿಂತು ನೆನೆದರೆ, ಇವು ನಮಗಾಗಿಯೇ ಬಂದಂತಿವೆ.

ಮೊದಲನೆಯದನ್ನು ವರದಿ ಮಾಡಿದವರು ಅಬೂ ಸಅಲಬಾ ಅಲ್‌ಖುಶನೀ(ರ). ಪ್ರವಾದಿವರ್ಯರ(ಸ) ಜೊತೆ ಪ್ರಯಾಣದಲ್ಲಿದ್ದ ಜನರು ಬಿಡಾರ ಹೂಡುವಾಗ ಬೆಟ್ಟದ ಸಂದುಗಳಲ್ಲಿ, ಕಣಿವೆಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಚದುರಿ ಹೋಗುತ್ತಿದ್ದರು. ಹೀಗೆ ಚದುರುವುದು ಶೈತಾನನ ಕೆಲಸ ಎಂದು ಪ್ರವಾದಿ(ಸ) ಎಚ್ಚರಿಸಿದರು. ಅಂದಿನಿಂದ ಅವರು ಎಷ್ಟು ಒತ್ತಾಗಿ ಇಳಿಯತೊಡಗಿದರೆಂದರೆ, ಒಂದೇ ಬಟ್ಟೆ ಹಾಸಿದರೆ ಎಲ್ಲರನ್ನೂ ಹೊದಿಸಬಹುದೆಂದು ನೋಡಿದವರು ಹೇಳುವಂತಾಯಿತು.

ಇಷ್ಟನ್ನೇ ಓದಿದವನು ತನ್ನ ಊರಿನ ಐದು ಗಾಡಿಗಳನ್ನೂ ಒಂದೇ ಕಡೆ ಒತ್ತಿ ನಿಲ್ಲಿಸಿ ಸುನ್ನತ್ ಪಾಲಿಸಿದೆನೆಂದು ಸಮಾಧಾನಪಟ್ಟುಕೊಂಡಾನು. ಅದಕ್ಕೇ ಇಮಾಮರು ಅದರ ಬೆನ್ನಿಗೇ ಎರಡನೆಯದನ್ನು ಇಟ್ಟಂತೆ ತೋರುತ್ತದೆ. ಮುಆದ್ ಬಿನ್ ಅನಸ್ ಅಲ್‌ಜುಹನೀ(ರ)ರವರು ತಾವು ಪಾಲ್ಗೊಂಡ ಒಂದು ದಂಡಯಾತ್ರೆಯ ಸಂಗತಿ ಹೇಳುತ್ತಾರೆ. ಜನರು ಬಿಡಾರದ ಜಾಗವನ್ನು ಇತರರಿಗೆ ಇಕ್ಕಟ್ಟು ಮಾಡಿದರು, ದಾರಿಯನ್ನೂ ಕಟ್ಟಿಬಿಟ್ಟರು. ಆಗ ಪ್ರವಾದಿ(ಸ) ಒಬ್ಬ ಸಾರುವವನನ್ನು ಕಳುಹಿಸಿ, ಬಿಡಾರವನ್ನು ಇಕ್ಕಟ್ಟು ಮಾಡಿದವನಿಗೂ ದಾರಿ ಕಡಿದವನಿಗೂ ಜಿಹಾದ್‌ನ ಪ್ರತಿಫಲವಿಲ್ಲವೆಂದು ಪಾಳೆಯದಲ್ಲೆಲ್ಲಾ ಸಾರಿಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವರು ಮನೆ ಮಠ ಬಿಟ್ಟು, ಪ್ರಾಣವನ್ನು ಪಣಕ್ಕಿಟ್ಟು, ಸ್ವತಃ ಅಲ್ಲಾಹನ ದೂತರ ಜೊತೆ ಹೊರಟವರು. ಅವರ ಒಂಟೆ ದಾರಿಗೆ ಅಡ್ಡ ನಿಂತ ಮಾತ್ರಕ್ಕೆ ಅಷ್ಟು ದೊಡ್ಡ ಕರ್ಮದ ಪ್ರತಿಫಲವೇ ಹೋಗುವುದಾದರೆ, ಝಿಯಾರತ್ತಿಗೆಂದು ಹೋದ ನಮ್ಮ ಗಾಡಿ ಓಣಿಯ ಬಾಯಿಗೆ ಅಡ್ಡ ನಿಂತಾಗ ನಮ್ಮ ಬಳಿ ಉಳಿಯುವುದೇನು? ಫಾತಿಹಾ ಓದಿದ್ದೇವೆ, ಹೂವಿನ ಚಾದರ ಹೊದಿಸಿದ್ದೇವೆ, ಸಕ್ಕರೆ ಹಂಚಿದ್ದೇವೆ. ಇತ್ತ ಆ ಓಣಿಯಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಮಂಚದ ಮೇಲೆ ಹೊತ್ತು ತರಬೇಕಾಗಿ ಬಂದರೆ, ಆ ಲೆಕ್ಕ ಯಾರ ಪಾಲಿಗೆ ಬರೆಯಲ್ಪಡುತ್ತದೆ?

ಇಳಿಯುವ ಜಾಗದ ಬಗ್ಗೆ ಇನ್ನೊಂದು ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ರಾತ್ರಿ ತಂಗುವವರು ದಾರಿಯ ಮೇಲೆ ತಂಗಬಾರದು. ಅದು ಪ್ರಾಣಿಗಳು ಓಡಾಡುವ ಹಾದಿ, ರಾತ್ರಿ ಹೊತ್ತು ವಿಷಜಂತುಗಳು ಬಂದು ಸೇರುವ ತಾಣ ಎಂಬುದು ಅದರ ತಾತ್ಪರ್ಯ. ಹಾವು ಚೇಳುಗಳ ಮಾತು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಇಂದು ರಾತ್ರಿ ಹೆದ್ದಾರಿಯಲ್ಲಿ ಓಡಾಡುವುದು ಭತ್ತದ ಲಾರಿ. ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಸೆಕೆಯೆಂದು ಅದರ ಪಕ್ಕದಲ್ಲೇ ಚಾಪೆ ಹಾಸಿ ಮಕ್ಕಳನ್ನು ಮಲಗಿಸುವವರನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ದಾರಿ ಬಿಟ್ಟು ದೂರ ಇಳಿಯಿರಿ. ಇಲ್ಲಿ ಧರ್ಮದ ಅಪ್ಪಣೆಯೂ ತಾಯಿಯ ಬುದ್ಧಿಯೂ ಒಂದೇ.

ದಾರಿ ಬಿಟ್ಟು ಇಳಿದರೆ ಮುಂದಿನದು ಯಾರದೋ ಹೊಲ. ಸಿಂಧನೂರು ಸೀಮೆಯಲ್ಲಿ 'ಕ್ಯಾಂಪ್' ಎಂದರೆ ಊರೇ ಎಂದು ಅರ್ಥ. ತುಂಗಭದ್ರಾ ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ವಲಸೆ ಬಂದವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ಅದೇ ಹೆಸರು. ಹಾಗಾಗಿ ಎರಡು ದಿನದ ಮಟ್ಟಿಗೆ ಇಳಿದವರೂ ಆ ನೆಲ ತಮ್ಮದೇ ಎಂಬಂತೆ ನಡೆದುಕೊಳ್ಳುತ್ತಾರೇನೋ ಎಂದು ಒಮ್ಮೊಮ್ಮೆ ನನಗೆ ತಮಾಷೆಯೆನಿಸುವುದುಂಟು. ಹೊಲದ ಯಜಮಾನನಿಗೆ ಮಾತ್ರ ತಮಾಷೆಯಲ್ಲ. ಚಾಂದ್ರಮಾನ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಈಗಿನ ವರ್ಷಗಳಲ್ಲಿ ಮುಹರ್ರಮ್ ಮುಂಗಾರಿನ ಕಾಲಕ್ಕೆ ಬೀಳುತ್ತಿದೆ. 2024ರಲ್ಲಿ ಆಶೂರಾ ಜುಲೈ 17ಕ್ಕೆ ಬಂದಿತ್ತು. ತೊಗರಿ, ಸಜ್ಜೆ ಬಿತ್ತಿ ಮೊಳಕೆ ಕಾಣುವ ಹೊತ್ತು. ಎರೆ ಹೊಲ ಒಂದು ಮಳೆ ಕಂಡರೆ ಚಕ್ರ ಅರ್ಧ ಹೂತುಹೋಗುತ್ತದೆ. ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಬಡವನ ಬಿತ್ತನೆ ನೆಲಸಮ.

ಆದ್ದರಿಂದ ಮೊದಲು ಯಜಮಾನನನ್ನು ಹುಡುಕಿ ಕೇಳಬೇಕು. ಅವನು ಹಿಂದುವಾಗಲಿ ಮುಸ್ಲಿಮನಾಗಲಿ, ಅವನ ನೆಲ ಅವನದೇ. 'ಯಾರೂ ಬೇಡವೆನ್ನಲಿಲ್ಲ' ಎಂಬುದು ಒಪ್ಪಿಗೆಯಲ್ಲ. ಅನುಮತಿಯಿಲ್ಲದೆ ಕಬಳಿಸಿದ ನೆಲದಲ್ಲಿ ಮಾಡಿದ ನಮಾಝಿನ ಬಗ್ಗೆ ಫಿಕ್ಹ್ ಗ್ರಂಥಗಳಲ್ಲಿ ದೀರ್ಘ ಚರ್ಚೆಯಿದೆ. ಹನಫೀ, ಶಾಫಿಈ ವಿದ್ವಾಂಸರ ಪ್ರಕಾರ ನಮಾಝ್ ಸಿಂಧು, ಆದರೆ ಮಾಡಿದವನು ತಪ್ಪಿತಸ್ಥ. ಹಂಬಲೀ ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯದಲ್ಲಂತೂ ಆ ನಮಾಝೇ ಸಿಂಧುವಲ್ಲ. ಸಜ್ದಾ ಮಾಡುವ ನೆಲಕ್ಕೇ ಇಷ್ಟು ಎಚ್ಚರಿಕೆಯಿದ್ದರೆ, ಮಾಂಸ ತೊಳೆದ ನೀರು ಚೆಲ್ಲುವ ನೆಲದ ಬಗ್ಗೆ ಎಷ್ಟಿರಬೇಡ?

ಇನ್ನು ಜಾಗ ಹಿಡಿಯುವ ರೋಗ. ಒಂದು ಉರುಸಿನಲ್ಲಿ ನಾನು ಕಂಡದ್ದಿದು: ನಾಲ್ಕು ಗೂಟ ಬಡಿದು ಹಗ್ಗ ಕಟ್ಟಿ, ಇನ್ನೂ ಊರನ್ನೇ ಬಿಡದ ಮೂರು ಗಾಡಿಗಳಿಗಾಗಿ ಒಬ್ಬ ಹುಡುಗ ಬೇವಿನ ಮರದ ನೆರಳನ್ನೆಲ್ಲಾ ಕಾಯುತ್ತಾ ಕುಳಿತಿದ್ದ. ಜ್ವರದ ಕೂಸನ್ನು ಮಡಿಲಲ್ಲಿಟ್ಟುಕೊಂಡ ಬಾಣಂತಿಯಿದ್ದ ಒಂದು ಟಾಟಾ ಏಸ್ ಎರಡು ಸಲ ಸುತ್ತಿ ಬಂತು. 'ಅಣ್ಣಾ, ಸ್ವಲ್ಪ ನೆರಳು ಕೊಡ್ರಿ' ಎಂದು ಚಾಲಕ ಕೇಳಿದರೆ, 'ನಮ್ಮ ಮಂದಿ ಬರೋರದಾರ' ಎಂಬ ಉತ್ತರ. ಅವನ ಮಂದಿ ಬಂದದ್ದು ಅಸರ್ ಆದ ಮೇಲೆ. ಹುಡುಗನ ತಪ್ಪಲ್ಲ, ಹಿರಿಯರು ಹೇಳಿದಂತೆ ಕುಳಿತಿದ್ದಾನೆ.

ಹಜ್ಜಿನ ಸಂದರ್ಭದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮಿನಾದಲ್ಲಿ ತಮಗೆ ನೆರಳಾಗುವ ಒಂದು ಮನೆ ಕಟ್ಟಿಸಲೇ ಎಂದು ಹಝ್ರತ್ ಆಯಿಶಾ(ರ) ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಅವರು ಬೇಡವೆಂದರು, ಮಿನಾ ಮೊದಲು ಬಂದವನು ಒಂಟೆಯನ್ನು ಕೂರಿಸುವ ಜಾಗವೆಂದು ತಿಳಿಸಿದರು. ತಿರ್ಮಿದೀ, ಅಬೂದಾವೂದ್ ಎರಡರಲ್ಲೂ ಇದು ಬಂದಿದೆ. ಸಮುದಾಯದ ನಾಯಕರೇ, ಅಲ್ಲಾಹನ ಸಂದೇಶವಾಹಕರೇ ತಮಗೊಂದು ನೆರಳನ್ನು ಮುಂಗಡ ಹಿಡಿದಿಡಲಿಲ್ಲ. ಬಂದವನಿಗೆ ಜಾಗ, ಬಾರದವನಿಗೆ ಹಗ್ಗವಿಲ್ಲ. ಆದರೆ ಇಳಿದವನು ವುಝೂಗೆ ಎದ್ದು ಹೋದರೆ ಅವನ ಜಾಗ ಅವನದೇ. ತಿರುಗಿ ಬಂದವನಿಗೇ ಹೆಚ್ಚಿನ ಹಕ್ಕೆಂದು ಹದೀಸ್‌ನಲ್ಲಿದೆ. ಸಭೆಗಳಲ್ಲಿ ಸರಿದು ಜಾಗ ಮಾಡಿಕೊಟ್ಟರೆ ಅಲ್ಲಾಹನು ನಿಮಗೆ ವಿಶಾಲತೆ ನೀಡುವನೆಂಬ ವಾಗ್ದಾನ ಪವಿತ್ರ ಕುರ್‌ಆನಿನ ಮುಜಾದಲ ಅಧ್ಯಾಯದಲ್ಲಿದೆ. ತಾಡಪತ್ರಿಯ ಒಂದು ಮಡಿಕೆ ಮಡಚುವುದಕ್ಕೆ ಎಷ್ಟು ಹೊತ್ತು ಬೇಕು?

ಗುಂಪಿಗೊಬ್ಬ ಅಮೀರ್ ಬೇಕೇ ಬೇಕು. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರ್ ಮಾಡಿಕೊಳ್ಳಬೇಕೆಂಬುದು ಪ್ರವಾದಿವರ್ಯರ(ಸ) ಆದೇಶ. ನಾವು ಮೂವತ್ತು ಮಂದಿ ಹೊರಟು, ಇಪ್ಪತ್ತೊಂಬತ್ತು ಅಮೀರರಾಗುತ್ತೇವೆ, ಕೆಲಸ ಮಾಡಲು ಉಳಿಯುವವನು ಚಾಲಕನೊಬ್ಬ. ವಯಸ್ಸಾದವರೇ ಅಮೀರ್ ಆಗಬೇಕೆಂದಿಲ್ಲ. ತಲೆ ಎಣಿಸಬಲ್ಲವನಾಗಿರಬೇಕು, ಹೆಂಗಸರ ಮಾತಿಗೆ ಕಿವಿಗೊಡುವವನಾಗಿರಬೇಕು. ಗಾಡಿಗಳು ಹೆಚ್ಚಿದ್ದರೆ ಅವನು ಕೊನೆಯ ಗಾಡಿಯಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಪ್ರವಾದಿ(ಸ) ಪ್ರಯಾಣದಲ್ಲಿ ಹಿಂದೆ ಉಳಿದು, ಬಲಹೀನರ ಸವಾರಿಯನ್ನು ಮುಂದೆ ನಡೆಸುತ್ತಿದ್ದರು, ನಡೆಯಲಾರದವರನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು ಎಂದು ಜಾಬಿರ್(ರ) ಹೇಳಿದ್ದಾರೆ.

ಹೆಂಗಸರ ಮಾತು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಬಿಡಾರದ ಜಾಗ ಆರಿಸುವವರು ಗಂಡಸರು. ಅವರು ನೋಡುವುದು ದರ್ಗಾಕ್ಕೆ ಎಷ್ಟು ಹತ್ತಿರ ಎಂದು. ಶೌಚಾಲಯ ಎಲ್ಲಿದೆ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ ಎಂದು ನೋಡುವುದಿಲ್ಲ. ಪರಿಣಾಮವಾಗಿ ನಮ್ಮ ತಾಯಂದಿರು, ಹೆಣ್ಣುಮಕ್ಕಳು ಕತ್ತಲಾಗುವ ತನಕ ನೀರೇ ಕುಡಿಯದೆ ಕೂಡುತ್ತಾರೆ. ಈಗಿನ ವರ್ಷಗಳಲ್ಲಿ ಬಂದೇ ನವಾಝ್(ರ)ರ ಉರುಸು ಬೀಳುತ್ತಿರುವುದು ಕಲಬುರಗಿಯ ಮೇ ತಿಂಗಳ ಬಿಸಿಲಿಗೆ. ನೀರು ಬಿಟ್ಟ ದೇಹ ಅಲ್ಲಿ ಬಹಳ ಹೊತ್ತು ತಡೆಯದು. ಪರ್ದಾದ ಬಗ್ಗೆ ಗಂಟೆಗಟ್ಟಲೆ ಮಾತನಾಡುವವನು ಮೊದಲು ನಾಲ್ಕು ಕೋಲು, ಎರಡು ಹಳೆಯ ಸೀರೆ, ಒಂದು ಕೊಡ ನೀರಿನ ವ್ಯವಸ್ಥೆ ಮಾಡಲಿ. ಹಾಗೆಯೇ ಜನರ ಶಾಪಕ್ಕೆ ಗುರಿಮಾಡುವ ಕೆಲಸಗಳೆಂದು ಪ್ರವಾದಿ(ಸ) ಎಚ್ಚರಿಸಿದವು ನೀರಿನ ತಾಣದಲ್ಲಿ, ನಡುದಾರಿಯಲ್ಲಿ ಮತ್ತು ಜನ ಕೂರುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು. ಉರುಸು ಮುಗಿದ ಮರುದಿನ ಆ ಬಯಲನ್ನು ಹೋಗಿ ನೋಡಿದವರಿಗೆ ಈ ಮೂರೂ ಕಣ್ಣಿಗೆ ಬಿದ್ದಾವು.

ಬೆಂಕಿಯ ವಿಷಯ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಜನರ ಸಮೇತ ಸುಟ್ಟಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಆರಿಸಬೇಕೆಂದು ಪ್ರವಾದಿ(ಸ) ಕಲಿಸಿದರು. 1997ರ ಏಪ್ರಿಲ್ 15ರಂದು ಮಿನಾದ ಡೇರೆಗಳಿಗೆ ಹತ್ತಿದ ಬೆಂಕಿಯಲ್ಲಿ, ಸರ್ಕಾರಿ ಲೆಕ್ಕದ ಪ್ರಕಾರವೇ 343 ಹಾಜಿಗಳು ತೀರಿಕೊಂಡರು. ನಮ್ಮ ದೇಶದವರೂ ಅವರಲ್ಲಿದ್ದರು. ಆಮೇಲೆ ಅಲ್ಲಿ ಬೆಂಕಿ ತಗಲದ ಡೇರೆಗಳನ್ನು ಹಾಕಿದರು, ಒಳಗೆ ಅಡುಗೆಯ ಸಿಲಿಂಡರ್ ಒಯ್ಯುವುದನ್ನು ನಿಷೇಧಿಸಿದರು. ನಮ್ಮ ತಾಡಪತ್ರಿ ಅಂಥದ್ದಲ್ಲ, ಕಿಡಿ ತಾಗಿದರೆ ಕರಗಿ ಮೈಮೇಲೆ ಸುರಿಯುತ್ತದೆ. ಒಲೆಯನ್ನು ಗಾಡಿಯ ಡೀಸೆಲ್ ಟ್ಯಾಂಕಿನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಹೂಡಬೇಕು. ಎರಡು ಬಿಡಾರಗಳ ನಡುವೆ ಒಂದು ಗಾಡಿ ಹೋಗುವಷ್ಟು ದಾರಿ ಇರಲಿ. ಸಹಾಬಿಗಳು ಒತ್ತಾಗಿ ಇಳಿದರು, ನಿಜ. ಆದರೆ ಅವರ ಒಂಟೆಗಳಲ್ಲಿ ಡೀಸೆಲ್ ಇರಲಿಲ್ಲ.

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋದವನು ಮುಸಾಫಿರ್ ಆಗುವುದಿಲ್ಲ, ನಮಾಝ್ ಪೂರ್ತಿ ಮಾಡಬೇಕು. ಸಿಂಧನೂರಿನಿಂದ ಕಲಬುರಗಿಗೆ ಹೋಗಿ ಎರಡು ದಿನ ತಂಗುವವನು ಖಸ್ರ್ ಮಾಡಬೇಕು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ. ವಿವರಗಳಿಗೆ ನಿಮ್ಮ ಊರಿನ ಆಲಿಮರನ್ನು ಕೇಳಿ.

ಊಟ, ಡೀಸೆಲ್, ಬಾಡಿಗೆಯ ಲೆಕ್ಕ ಕೊನೆಯದು. ನಂಟು ಮುರಿಯುವುದು ಹೆಚ್ಚಾಗಿ ಇಲ್ಲೇ. ಅಶ್‌ಅರೀ ಗೋತ್ರದವರು ಪ್ರಯಾಣದಲ್ಲಿ ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲಾ ಒಂದೇ ಬಟ್ಟೆಯಲ್ಲಿ ಕೂಡಿಹಾಕಿ ಒಂದೇ ಅಳತೆಯಲ್ಲಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ನನ್ನವರು ಎಂದು ಪ್ರವಾದಿ(ಸ) ಹೆಮ್ಮೆಯಿಂದ ಹೇಳಿದ್ದು ಬುಖಾರಿಯಲ್ಲಿದೆ. ಹಿಜರಿ 181ರಲ್ಲಿ ನಿಧನರಾದ ಮರ್ವ್‌ನ ಅಬ್ದುಲ್ಲಾಹ್ ಬಿನ್ ಮುಬಾರಕ್(ರ) ಹಜ್ಜಿಗೆ ಹೊರಟಾಗ ಜೊತೆಗಾರರ ಹಣದ ಚೀಲಗಳನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದರಂತೆ. ದಾರಿಯ ಖರ್ಚನ್ನೆಲ್ಲಾ ತಾವೇ ಭರಿಸಿ, ಊರಿಗೆ ಮರಳಿದ ಮೇಲೆ ಪೆಟ್ಟಿಗೆ ತೆರೆದು, ಹೆಸರು ಬರೆದಿಟ್ಟ ಚೀಲವನ್ನು ಅವರವರಿಗೇ ಒಪ್ಪಿಸುತ್ತಿದ್ದರಂತೆ. ನಮ್ಮ ಅಮೀರರಿಂದ ಅಷ್ಟನ್ನು ಯಾರೂ ಕೇಳುವುದಿಲ್ಲ. ಕೂಡಿಸಿದ್ದೆಷ್ಟು, ಹೊಲದವನಿಗೆ ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಓದಿ ಹೇಳಲಿ. ಮರಳುವಾಗ ಮೊದಲು ಇಳಿಯುವವರು ಲಿಂಗಸುಗೂರಿನವರು, ಆಮೇಲೆ ಮಸ್ಕಿಯವರು. ಆದ್ದರಿಂದ ಈ ಲೆಕ್ಕ ತಿಂಥಣಿಯ ಸೇತುವೆಯ ಆಚೆ, ಚಹಾಕ್ಕೆ ನಿಂತಾಗಲೇ ಆಗಬೇಕು. ಗಾಡಿಯನ್ನು ಅಲ್ಲಿಯೂ ರಸ್ತೆ ಬಿಟ್ಟು ಕೆಳಗಿಳಿಸಿ ನಿಲ್ಲಿಸಿ.